ಸೆಕ್ಷನ್ 8 ಬಾಡಿಗೆ ವೌಚರ್: ಮನೆ ಸಿಗುವ ತನಕ ಒಂದು ಕಥೆ, ಸಿಕ್ಕ ಮೇಲೆ ಇನ್ನೊಂದು

ಅಮೆರಿಕದಲ್ಲಿ ಬಡ ಕುಟುಂಬಗಳಿಗೆ ಬಾಡಿಗೆ ಕಟ್ಟಲು ಸರ್ಕಾರ ಕೊಡುವ ಸೆಕ್ಷನ್ 8 ವೌಚರ್ ಬಗ್ಗೆ ಈ ರಿವ್ಯೂ. ಮೊದಲೇ ಹೇಳಿಬಿಡುತ್ತೇನೆ, ವೌಚರ್ ಇರುವುದು ನನ್ನ ಹೆಸರಲ್ಲಲ್ಲ, ನನ್ನ ಗೆಳತಿಯ ಹೆಸರಲ್ಲಿ. ಇಬ್ಬರೂ ಶಿಕಾಗೊ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇವೆ. ನಾನು ಲ್ಯಾಬ್‌ನಲ್ಲಿ, ಅವಳು ವಾರ್ಡ್‌ನಲ್ಲಿ ರೋಗಿಗಳನ್ನು ಎತ್ತಿ ಕೂರಿಸುವ, ಸ್ನಾನ ಮಾಡಿಸುವ ಸಹಾಯಕಿ. ಕಪ್ಪು ಜನಾಂಗದವಳು, ಒಬ್ಬಳೇ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ. ವೌಚರ್ ಕೈಗೆ ಬಂದ ದಿನದಿಂದ ಅವಳ ಫಾರ್ಮ್ ತುಂಬುವುದು, ಫೋನ್ ಮಾಡುವುದು, ಮನೆ ನೋಡಲು ಕಾರಿನಲ್ಲಿ ಕರೆದುಕೊಂಡು ಹೋಗುವುದು, ಎಲ್ಲದರಲ್ಲೂ ಜೊತೆಗಿದ್ದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಚೇರಿಯ ಹೆಸರು, ಮಾಲೀಕರ ಹೆಸರು ಯಾವುದೂ ಬೇಡ ಅಂದಳು, ಹಾಕಿಲ್ಲ.

ರೇಟಿಂಗ್ ಮೊದಲೇ ಕೊಡುತ್ತೇನೆ. ಬಾಡಿಗೆ ಕಟ್ಟುವ ಕೆಲಸಕ್ಕೆ 5ಕ್ಕೆ 5. ಮನೆ ಸಿಗುವ ತನಕದ ದಾರಿಗೆ 5ಕ್ಕೆ 1. ಎರಡನ್ನೂ ಕೂಡಿಸಿ ಭಾಗಿಸಿ 3 ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಆ ದಾರಿಯಲ್ಲೇ ಸೋತು ವಾಪಸ್ ಹೋದವರಿಗೆ ಮುಂದಿನ ಒಳ್ಳೆಯದು ಕಾಣುವುದೇ ಇಲ್ಲವಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1937ರ ವಸತಿ ಕಾನೂನಿಗೆ 1974ರಲ್ಲಿ ತಿದ್ದುಪಡಿ ತಂದಾಗ ಬಂದ 8ನೇ ಸೆಕ್ಷನ್ ಇದು, ಅದಕ್ಕೇ ಜನರ ಬಾಯಲ್ಲಿ ಸೆಕ್ಷನ್ 8. ಕಾಗದದಲ್ಲಿ ಇರುವ ಹೆಸರು ಹೌಸಿಂಗ್ ಚಾಯ್ಸ್ ವೌಚರ್. ದುಡ್ಡು ಕೇಂದ್ರ ಸರ್ಕಾರದ್ದು, ನಡೆಸುವುದು ಆಯಾ ಊರಿನ ಹೌಸಿಂಗ್ ಅಥಾರಿಟಿ ಅನ್ನುವ ಕಚೇರಿ. ಮನೆ ಮಾತ್ರ ಖಾಸಗಿಯವರದು, ನೀವೇ ಹುಡುಕಿಕೊಳ್ಳಬೇಕು. ಕುಟುಂಬದ ಆದಾಯದಲ್ಲಿ ಸುಮಾರು ಶೇ. 30 ನಿಮ್ಮ ಪಾಲು. ಉಳಿದದ್ದನ್ನು ಒಂದು ಮಿತಿಯವರೆಗೆ ಕಚೇರಿಯೇ ನೇರವಾಗಿ ಮಾಲೀಕರಿಗೆ ಕೊಡುತ್ತದೆ.

ಗೆಳತಿಯ ಲೆಕ್ಕವನ್ನೇ ನೋಡಿ. ಗಂಟೆಗೆ 18 ಡಾಲರ್ ಚಿಲ್ಲರೆ, ವಾರಕ್ಕೆ 30 ಗಂಟೆ ಕೆಲಸ. ತಿಂಗಳಿಗೆ 2,400 ಡಾಲರ್ ಹತ್ತಿರ ಬರುತ್ತದೆ. ಮಕ್ಕಳ ಲೆಕ್ಕದಲ್ಲಿ ಸ್ವಲ್ಪ ಕಳೆದು 2,325 ಅಂತ ಹಿಡಿದರು. ಅದರ ಶೇ. 30 ಅಂದರೆ ಸುಮಾರು 700 ಡಾಲರ್. ವೌಚರ್ ಬರುವ ಮೊದಲು ಅವಳು ಹಳೇ ಮನೆಗೆ 1,250 ಕಟ್ಟುತ್ತಿದ್ದಳು. ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗುತ್ತಿತ್ತು. ಚಳಿಗಾಲದಲ್ಲಿ ಹೀಟರ್ ಬಿಲ್ ಬಂದರೆ ಆ ತಿಂಗಳು ಬಸ್ ಪಾಸ್ ಇಲ್ಲ, ಯಾರಾದರೂ ಕಾರಲ್ಲಿ ಬಿಡಬೇಕು. ಹಾಗೆ ಬಿಡುತ್ತಾ ಬಿಡುತ್ತಾನೇ ನಮಗಿಬ್ಬರಿಗೂ ಸ್ನೇಹ ಆದದ್ದು.

ಈಗ ಕಾಯುವ ವಿಷಯ. ಊಟಕ್ಕೆ ಕೊಡುವ ಸ್ನ್ಯಾಪ್ ನೆರವು ಅರ್ಹತೆ ಇದ್ದವರು ಅರ್ಜಿ ಹಾಕಿದರೆ ಸಿಗುತ್ತದೆ. ಬಾಡಿಗೆ ನೆರವು ಹಾಗಲ್ಲ. ಆ ವರ್ಷ ಸರ್ಕಾರ ಎಷ್ಟು ದುಡ್ಡು ತೆಗೆದಿಟ್ಟಿದೆಯೋ ಅಷ್ಟು ಜನಕ್ಕೆ ಮಾತ್ರ. ದೇಶದಲ್ಲಿ ಸುಮಾರು 23 ಲಕ್ಷ ಕುಟುಂಬಗಳು ಈ ವೌಚರ್ ಬಳಸುತ್ತಿವೆ. ದೊಡ್ಡ ಸಂಖ್ಯೆಯೇ. ಆದರೆ ಕೇಂದ್ರದ ಬಾಡಿಗೆ ನೆರವಿಗೆ ಅರ್ಹರಾದ 4 ಕುಟುಂಬಗಳಲ್ಲಿ ಹೆಚ್ಚುಕಮ್ಮಿ 1ಕ್ಕೆ ಮಾತ್ರ ಯಾವುದಾದರೂ ಒಂದು ನೆರವು ಸಿಗುತ್ತಿದೆ, ಉಳಿದ 3 ಕುಟುಂಬಗಳು ಅಷ್ಟೇ ಬಡವರಾಗಿದ್ದೂ ತಮ್ಮ ಪಾಡಿಗೆ ತಾವು ಇವೆ. ವೇಟಿಂಗ್ ಲಿಸ್ಟ್ ಎಷ್ಟೋ ಕಡೆ ವರ್ಷಗಟ್ಟಲೆ ಮುಚ್ಚಿರುತ್ತದೆ. ತೆರೆದಾಗ ಕೆಲವು ದಿನ ಅರ್ಜಿ ತೆಗೆದುಕೊಂಡು, ಲಾಟರಿ ಎತ್ತಿ, ಮತ್ತೆ ಮುಚ್ಚುತ್ತಾರೆ. ತಲೆ ಮೇಲೆ ಸೂರಿಗೆ ಲಾಟರಿ! ಇವಳು ಲಿಸ್ಟ್‌ನಲ್ಲಿ 4 ವರ್ಷ ಕಾದಳು. ಅರ್ಜಿ ಹಾಕಿದಾಗ ದೊಡ್ಡವಳಿಗೆ 7 ವರ್ಷ, ವೌಚರ್ ಬಂದಾಗ 11.

ಆ 4 ವರ್ಷದಲ್ಲಿ ಎರಡು ಸಲ ಮನೆ ಬದಲಿಸಿದ್ದಾಳೆ. ಪ್ರತಿ ಸಲ ಕಚೇರಿಗೆ ಖುದ್ದಾಗಿ ಹೋಗಿ ಹೊಸ ವಿಳಾಸ ಕೊಟ್ಟು, ಸೀಲ್ ಹಾಕಿಸಿಕೊಂಡ ಪ್ರತಿ ತಂದು, ಮಕ್ಕಳ ಜನನ ಪತ್ರದ ಜೊತೆ ಒಂದೇ ಕವರಿನಲ್ಲಿ ಇಟ್ಟಿದ್ದಳು. ಹಾಗೆ ಮಾಡದಿದ್ದರೆ ಏನಾಗುತ್ತೆ ಗೊತ್ತಾ? ಪತ್ರ ಹಳೇ ವಿಳಾಸಕ್ಕೆ ಹೋಗುತ್ತದೆ, ಹೇಳಿದ ದಿನದೊಳಗೆ ಉತ್ತರ ಬರಲಿಲ್ಲ ಅಂತ ಹೆಸರು ಹೊಡೆದುಹಾಕುತ್ತಾರೆ. ಬಾಡಿಗೆ ಕಟ್ಟಲಾಗದೆ ಮನೆ ಮನೆ ಅಲೆಯುವವರಿಗಾಗಿ ಇರುವ ಯೋಜನೆಗೆ ಒಂದೇ ವಿಳಾಸದಲ್ಲಿ ವರ್ಷಗಟ್ಟಲೆ ಇರುವವರು ಬೇಕು ಅಂದರೆ ಹೇಗೆ? ಇದು ನನ್ನ ಮೊದಲನೇ ದೂರು.

ವೌಚರ್ ಬಂದ ದಿನ ಅವಳು ವಾರ್ಡ್‌ನಿಂದ ಓಡಿ ಬಂದು ನನ್ನ ಲ್ಯಾಬ್ ಕಿಟಕಿ ಬಡಿದಳು. ಇಬ್ಬರೂ ಅತ್ತೆವು. ಕಷ್ಟ ಮುಗಿಯಿತು ಅಂದುಕೊಂಡೆವು. ಪತ್ರದ ಕೆಳಗೆ ಒಂದು ತಾರೀಖು ಇತ್ತು, ಅದನ್ನು ಆಗ ಇಬ್ಬರೂ ಗಮನಿಸಲಿಲ್ಲ.

ಅಷ್ಟರೊಳಗೆ ಮನೆ ಹುಡುಕಿ ಕಚೇರಿಗೆ ಕಾಗದ ಕೊಡಬೇಕು. ನಿಯಮದ ಪ್ರಕಾರ ಕನಿಷ್ಠ 60 ದಿನ ಕೊಡುತ್ತಾರೆ, ಆಮೇಲೆ ಕೇಳಿಕೊಂಡರೆ ಮುಂದೂಡಬಹುದು, ಅದು ಕಚೇರಿಯವರ ಮರ್ಜಿ. ಆ ಗಡುವು ದಾಟಿದರೆ ವೌಚರ್ ರದ್ದಾಗುತ್ತದೆ. 4 ವರ್ಷ ಕಾದದ್ದು 2 ತಿಂಗಳಲ್ಲಿ ಹೋಗಬಹುದು. ದೇಶದಲ್ಲಿ ವೌಚರ್ ಪಡೆದ 10 ಜನರಲ್ಲಿ ಸುಮಾರು 4 ಜನ ಮನೆ ಸಿಗದೆ ಹೀಗೆ ವಾಪಸ್ ಕೊಡುತ್ತಾರೆ.

ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಬಿಡುವು. ಬ್ರೇಕ್ ರೂಮಿನ ಮೂಲೆಯ ಟೇಬಲ್ ಮೇಲೆ ಅವಳ ರೂಲ್ಡ್ ನೋಟ್‌ಬುಕ್, ಪಕ್ಕದಲ್ಲಿ ಸ್ಪೀಕರಿಗೆ ಹಾಕಿದ ಫೋನ್. ಒಂದು ದಿನದ ಮಾತು ನನಗೆ ಹಾಗೇ ನೆನಪಿದೆ.

"ನಮಸ್ಕಾರ, ಎರಡು ಬೆಡ್‌ರೂಮಿನ ಮನೆ ಇನ್ನೂ ಖಾಲಿ ಇದೆಯಾ?"

"ಇದೆ ಮೇಡಂ, ಈ ವಾರವೇ ಬಂದು ನೋಡಬಹುದು."

"ನನ್ನ ಹತ್ತಿರ ವೌಚರ್ ಇದೆ."

ಆ ಕಡೆ ಸದ್ದಿಲ್ಲ. ಹಿಂದೆ ಎಲ್ಲೋ ಟಿವಿ ಕೇಳಿಸುತ್ತಿತ್ತು. ಆಮೇಲೆ, "ಅಯ್ಯೋ, ಈಗ ನೋಡಿದೆ, ಬೆಳಿಗ್ಗೆ ಒಬ್ಬರು ಅರ್ಜಿ ಹಾಕಿದ್ದಾರೆ. ಮನೆ ಹೋಯ್ತು."

ಹತ್ತು ನಿಮಿಷ ಬಿಟ್ಟು ನಾನು ನನ್ನ ಫೋನಿಂದ ಅದೇ ನಂಬರಿಗೆ ಮಾಡಿದೆ. ವೌಚರ್ ಮಾತು ಎತ್ತಲಿಲ್ಲ. ನನ್ನ ಇಂಗ್ಲಿಷ್ ಕೇಳಿದರೆ ಭಾರತದವಳು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆತ ಕೇಳಿದ್ದು ಒಂದೇ ಪ್ರಶ್ನೆ, "ಐಟಿಯಲ್ಲಿದ್ದೀರಾ?" ಆಸ್ಪತ್ರೆ ಅಂದೆ. "ಒಳ್ಳೇದು, ಶನಿವಾರ 11ಕ್ಕೆ ಬರ್ತೀರಾ?"

ಅವಳು ಏನೂ ಹೇಳಲಿಲ್ಲ. ನೋಟ್‌ಬುಕ್ಕಿನ ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ನೆಟ್ಟಗೆ ಗೆರೆ ಎಳೆದಳು. ಸ್ಕೇಲ್ ಚಿಕ್ಕವಳದು, ಬೆಕ್ಕಿನ ಚಿತ್ರ ಇರುವ ಹಳದಿ ಸ್ಕೇಲ್. ಆ ಪುಟದಲ್ಲಿ ಅಂಥ ಗೆರೆಗಳೇ ತುಂಬಿದ್ದವು. ಆ ದಿನದವರೆಗೆ 43 ಫೋನ್. ಇನ್ನೊಂದು ಸಲ ನಾನು ಹಾಗೆ ಫೋನ್ ಮಾಡಿ ಪರೀಕ್ಷೆ ಮಾಡಲು ಹೋಗಲಿಲ್ಲ. ನನಗೆ ಗೊತ್ತಾಗಬೇಕಿತ್ತು, ಗೊತ್ತಾಯಿತು. ಅವಳಿಗೆ ಮೊದಲೇ ಗೊತ್ತಿತ್ತು.

ಇದು ಒಬ್ಬ ಮಾಲೀಕನ ಗುಣ ಅಂತ ತಳ್ಳಿಹಾಕುವ ಹಾಗಿಲ್ಲ. 2018ರಲ್ಲಿ ಸಂಶೋಧನಾ ಸಂಸ್ಥೆ ಅರ್ಬನ್ ಇನ್‌ಸ್ಟಿಟ್ಯೂಟ್‌ನವರು 5 ಕಡೆ ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡಿದ್ದರು. ವೌಚರ್ ತಗೋತೀರಾ ಅಂತ ಕೇಳಿದ್ದಕ್ಕೆ ಫೋರ್ಟ್ ವರ್ತ್‌ನಲ್ಲಿ ಶೇ. 78 ಮಾಲೀಕರು ಇಲ್ಲ ಅಂದರು. ಲಾಸ್ ಏಂಜಲಿಸ್‌ನಲ್ಲಿ ಶೇ. 76, ಫಿಲಡೆಲ್ಫಿಯಾದಲ್ಲಿ ಶೇ. 67. ನ್ಯೂವಾರ್ಕ್‌ನಲ್ಲಿ ಶೇ. 31, ವಾಷಿಂಗ್ಟನ್‌ನಲ್ಲಿ ಶೇ. 15 ಮಾತ್ರ. ಕೊನೆಯ ಮೂರು ಊರುಗಳಲ್ಲಿ ವೌಚರ್ ಇದೆ ಅಂತ ಮನೆ ನಿರಾಕರಿಸುವುದು ಆಗಲೇ ಕಾನೂನಿಗೆ ವಿರುದ್ಧವಾಗಿತ್ತು. ದೇಶಕ್ಕೆಲ್ಲ ಅನ್ವಯಿಸುವ 1968ರ ಫೇರ್ ಹೌಸಿಂಗ್ ಕಾನೂನು ಬಣ್ಣ ನೋಡಿ ಮನೆ ಕೊಡದಿರುವುದನ್ನು ತಡೆಯುತ್ತದೆ, ವೌಚರ್ ನೋಡಿ ಕೊಡದಿರುವುದನ್ನು ತಡೆಯುವುದಿಲ್ಲ. ಆದರೆ ವೌಚರ್ ಇರುವ ಕುಟುಂಬಗಳಲ್ಲಿ ಸುಮಾರು ಅರ್ಧ ಕಪ್ಪು ಜನರವು, ಅವರು ದೇಶದ ಜನಸಂಖ್ಯೆಯಲ್ಲಿ ಶೇ. 13ರ ಆಸುಪಾಸು ಇದ್ದಾರೆ. ಹಾಗಾಗಿ "ವೌಚರ್ ಬೇಡ" ಅಂದರೆ ಬಾಯಿಬಿಟ್ಟು ಬಣ್ಣದ ಮಾತಾಡದೆಯೇ ಕೆಲಸ ಆಗಿಬಿಡುತ್ತದೆ. ಶಿಕಾಗೊ ಇರುವ ಇಲಿನಾಯ್ ರಾಜ್ಯ 2023ರ ಜನವರಿ 1ರಿಂದ ಇದನ್ನೂ ನಿಷೇಧಿಸಿದೆ. ಅದಕ್ಕೇ ಇಲ್ಲಿ ಯಾರೂ ನೇರವಾಗಿ ಇಲ್ಲ ಅನ್ನುವುದಿಲ್ಲ, "ಈಗ ತಾನೇ ಹೋಯ್ತು" ಅನ್ನುತ್ತಾರೆ. ದೂರು ಕೊಡಬಹುದು. ಆದರೆ ದೂರು ಇತ್ಯರ್ಥ ಆಗುವಷ್ಟರಲ್ಲಿ ವೌಚರಿನ ತಾರೀಖು ದಾಟಿರುತ್ತದೆ ಅಲ್ವಾ?

ಕಚೇರಿಯವರು ಸಹಾಯ ಮಾಡಲಿಲ್ಲವೇ ಅಂತ ಕೇಳಬಹುದು. ವೌಚರ್ ತೆಗೆದುಕೊಳ್ಳುವ ಮಾಲೀಕರ ಒಂದು ಪಟ್ಟಿ ಕೊಟ್ಟರು, ಅಷ್ಟೇ. ಒಂದು ಭಾನುವಾರ ಆ ಪಟ್ಟಿಯ ವಿಳಾಸಗಳನ್ನೆಲ್ಲ ಮ್ಯಾಪಿನಲ್ಲಿ ಗುರುತು ಹಾಕಿದೆ. ಬಹುಪಾಲು ಚುಕ್ಕಿಗಳು ಶಿಕಾಗೊದ ದಕ್ಷಿಣ ಮತ್ತು ಪಶ್ಚಿಮದ ಕೆಲವೇ ಬಡಾವಣೆಗಳಲ್ಲಿ ಬಿದ್ದವು. ಅವಳು ನೋಡಿ ಹೇಳಿದಳು, "ಇದು ನಮ್ಮ ಅಜ್ಜನ ಏರಿಯಾ. ಅಜ್ಜ ಎಲ್ಲಿಂದ ಹೊರಗೆ ಬರೋಕೆ ಒದ್ದಾಡಿದ್ನೋ ಅಲ್ಲಿಗೇ ನನ್ನನ್ನ ವಾಪಸ್ ಕಳಿಸ್ತಿದ್ದಾರೆ."

ಅವಳ ಅಜ್ಜ ಮಿಸಿಸಿಪ್ಪಿಯಿಂದ ಬಂದು ಶಿಕಾಗೊದ ನಾರ್ತ್ ಲಾನ್‌ಡೇಲ್‌ನಲ್ಲಿ ಮನೆ ತೆಗೆದುಕೊಂಡಿದ್ದರು. ಬ್ಯಾಂಕ್ ಸಾಲ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಸರ್ಕಾರವೇ ಕಾರಣ. 1930ರ ದಶಕದಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಅನ್ನುವ ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಮಾಡಿ, ಯಾವ ಬಡಾವಣೆಯಲ್ಲಿ ಸಾಲ ಕೊಡುವುದು ಅಪಾಯ ಅಂತ ಬಣ್ಣ ಹಚ್ಚಿತು. ಕಪ್ಪು ಜನ ಇದ್ದ ಕಡೆ ಕೆಂಪು. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಹೊಸ ಬಡಾವಣೆಗಳ ಬಿಳಿಯರ ಗೃಹಸಾಲಕ್ಕೆ ಗ್ಯಾರಂಟಿ ನಿಂತು, ಕಪ್ಪು ಜನರಿಗೆ ಮಾರಬಾರದು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲು ಪ್ರೋತ್ಸಾಹ ಕೊಟ್ಟಿತು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ಊರು ಹಂಚಿಹೋಗಿತ್ತು.

ಸಾಲ ಸಿಗದವರು ಕಾಂಟ್ರಾಕ್ಟ್ ಮೇಲೆ ಮನೆ ಕೊಳ್ಳುತ್ತಿದ್ದರು. ದಲ್ಲಾಳಿ ಒಂದಕ್ಕೆ ಎರಡು ಬೆಲೆ ಹೇಳುತ್ತಿದ್ದ. ಕೊನೆಯ ಕಂತು ಕಟ್ಟುವವರೆಗೆ ಪತ್ರ ಅವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆ ವಾಪಸ್, ಕಟ್ಟಿದ ದುಡ್ಡೂ ಹೋಯಿತು. ಇದರ ವಿರುದ್ಧ ನಾರ್ತ್ ಲಾನ್‌ಡೇಲ್‌ನ ಜನ 1968ರಲ್ಲಿ ಕಾಂಟ್ರಾಕ್ಟ್ ಬೈಯರ್ಸ್ ಲೀಗ್ ಕಟ್ಟಿ ಕಂತು ನಿಲ್ಲಿಸಿ ಹೋರಾಡಿದರು. ಗೆಳತಿಯ ಅಜ್ಜ ಅಷ್ಟರ ಮೊದಲೇ ಮನೆ ಕಳೆದುಕೊಂಡಿದ್ದರು. ಅದೇ ಬಡಾವಣೆಯಲ್ಲಿ 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮನೆ ಬಾಡಿಗೆಗೆ ತೆಗೆದುಕೊಂಡು, ವಸತಿ ತಾರತಮ್ಯದ ವಿರುದ್ಧ ಚಳವಳಿ ನಡೆಸಿದ್ದು. ಆ ಆಗಸ್ಟ್‌ನಲ್ಲಿ ಶಿಕಾಗೊದ ಮಾರ್ಕ್ವೆಟ್ ಪಾರ್ಕ್‌ನಲ್ಲಿ ಮೆರವಣಿಗೆ ಹೋದಾಗ ಅವರ ತಲೆಗೆ ಕಲ್ಲು ಬಿತ್ತು. 1968ರ ಏಪ್ರಿಲ್ 4ರಂದು ಅವರ ಕೊಲೆ ಆಯಿತು, ಏಪ್ರಿಲ್ 11ಕ್ಕೆ ಫೇರ್ ಹೌಸಿಂಗ್ ಕಾನೂನಿಗೆ ಸಹಿ ಬಿತ್ತು.

ಸರ್ಕಾರಿ ಮನೆಗಳನ್ನು ಕಟ್ಟಿದಾಗಲೂ ಇದೇ ಕಥೆ. ಶಿಕಾಗೊದ ದಕ್ಷಿಣದಲ್ಲಿ ರಾಬರ್ಟ್ ಟೇಲರ್ ಹೋಮ್ಸ್ ಅಂತ 28 ಕಟ್ಟಡಗಳು, ಒಂದೊಂದೂ 16 ಅಂತಸ್ತು, ಒಂದೇ ಸಾಲಿನಲ್ಲಿ 1962ರ ಹೊತ್ತಿಗೆ ಎದ್ದವು. 4,000ಕ್ಕೂ ಜಾಸ್ತಿ ಮನೆ, ಇದ್ದವರು ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ, ಬಡವರು. ಬಡವರನ್ನೆಲ್ಲ ಒಂದೇ ಕಡೆ ಒಟ್ಟಿ, ರಿಪೇರಿಗೆ ದುಡ್ಡು ಕೊಡದೆ ಬಿಟ್ಟು, ಆಮೇಲೆ ಜನ ಸರಿಯಿಲ್ಲ ಅಂದರು. 2007ರಲ್ಲಿ ಕೊನೆಯ ಕಟ್ಟಡ ಕೆಡವಿದರು. ಇನ್ನೊಂದು ಸರ್ಕಾರಿ ವಸತಿಯಾದ ಆಲ್ಟ್‌ಗೆಲ್ಡ್ ಗಾರ್ಡನ್ಸ್‌ನಲ್ಲಿದ್ದ ಡೊರೊತಿ ಗೋಟ್ರೋ ಎಂಬ ಹೆಣ್ಣುಮಗಳು ಮತ್ತು ಇನ್ನೂ ಕೆಲವರು 1966ರಲ್ಲೇ ಕೋರ್ಟಿಗೆ ಹೋಗಿದ್ದರು, ಕಪ್ಪು ಬಡಾವಣೆಗಳಲ್ಲೇ ಯಾಕೆ ಎಲ್ಲ ಸರ್ಕಾರಿ ಮನೆ ಕಟ್ಟುತ್ತೀರಿ ಅಂತ. 1969ರಲ್ಲಿ ತೀರ್ಪು ಅವರ ಪರ ಬಂತು. ಅದನ್ನು ನೋಡಲು ಡೊರೊತಿ ಇರಲಿಲ್ಲ, 1968ರಲ್ಲೇ ತೀರಿಕೊಂಡಿದ್ದರು. 1976ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಪರವೇ ನಿಂತಿತು. ಆಮೇಲೆ 1998ರವರೆಗೆ ಸುಮಾರು 7,000 ಕುಟುಂಬಗಳು ಸೆಕ್ಷನ್ 8ರ ನೆರವಿನಿಂದಲೇ ಬೇರೆ ಬಡಾವಣೆ, ಉಪನಗರಗಳಿಗೆ ಹೋದವು. ಆಗ ಕುಟುಂಬಗಳ ಕೈಗೆ ಬರೀ ಕಾಗದ ಕೊಟ್ಟು ಕಳಿಸಲಿಲ್ಲ, ಮನೆ ಹುಡುಕಿಕೊಡಲು ಜನ ಇದ್ದರು, ಮಾಲೀಕರ ಜೊತೆ ಮಾತಾಡಲು ಜನ ಇದ್ದರು. ನನ್ನ ಗೆಳತಿಗೆ ಸಿಕ್ಕಿದ್ದು ಬರೀ ಕಾಗದ.

ಅದಕ್ಕೇ ಆ ಚಾಯ್ಸ್ ಅನ್ನುವ ಪದ ನೋಡಿದರೆ ನನಗೆ ಸಂಕಟ ಆಗುತ್ತದೆ. ಸಾಲ ಕೊಡದೆ, ಪತ್ರದಲ್ಲಿ ಷರತ್ತು ಬರೆಸಿ, ಕಲ್ಲು ಹೊಡೆದು ಮೂರು ತಲೆಮಾರು ಒಂದು ಕಡೆ ಕಟ್ಟಿಹಾಕಿ, ಈಗ ಮೊಮ್ಮಗಳಿಗೆ ವೌಚರ್ ಕೊಟ್ಟು 60 ದಿನದಲ್ಲಿ ಎಲ್ಲಿ ಬೇಕಾದರೂ ಹೋಗು ಅನ್ನುವುದು ಆಯ್ಕೆ ಹೇಗಾಗುತ್ತದೆ?

ಮುಂದಿನದು ಬೇಗ ಹೇಳುತ್ತೇನೆ. ಗಡುವನ್ನು ಒಂದು ಸಲ ಮುಂದೂಡಿಸಿದೆವು. ಅರ್ಜಿ ಶುಲ್ಕ ಅಂತಲೇ ಹಲವು ಕಡೆ 50 ಡಾಲರ್ ಹೋಯಿತು, ಮನೆ ಸಿಗದಿದ್ದರೂ ಅದು ವಾಪಸ್ ಇಲ್ಲ. ಒಂದು ಚೆನ್ನಾದ ಮನೆ ಲೆಕ್ಕದಿಂದ ತಪ್ಪಿತು. ಬಾಡಿಗೆ 2,200, ಆ ಜಾಗಕ್ಕೆ ಕಚೇರಿ ಒಪ್ಪುವ ಮಿತಿ 1,900. ಮೇಲಿನ 300 ನಾನೇ ಕೊಡ್ತೀನಿ ಅಂದಳು. ಆಗ ಅವಳ ಪಾಲು 1,000 ಆಗುತ್ತಿತ್ತು. ಹೊಸ ಮನೆಗೆ ಸೇರುವಾಗ ಆದಾಯದ ಶೇ. 40 ದಾಟುವ ಹಾಗಿಲ್ಲ ಅನ್ನುವುದು ನಿಯಮ, ಅವಳಿಗೆ ಅದು 930. ನಿಯಮ ಅವಳ ಒಳ್ಳೇದಕ್ಕೇ ಇರುವುದು, ಒಪ್ಪುತ್ತೇನೆ. ಆದರೆ ಹಳೇ ಮನೆಗೆ 1,250 ಕಟ್ಟುತ್ತಿದ್ದಾಗ ಯಾರೂ ಬಂದು ಜಾಸ್ತಿಯಾಯಿತು ಅಂತ ತಡೆದಿರಲಿಲ್ಲ.

ಒಂದು ಒಳ್ಳೆಯ ಅಂಶ ಹೇಳಲೇಬೇಕು. ಮೊದಲೆಲ್ಲ ಇಡೀ ಮಹಾನಗರಕ್ಕೆ ಒಂದೇ ಬಾಡಿಗೆ ಮಿತಿ ಇತ್ತು, ಆ ದುಡ್ಡಿಗೆ ಬಡ ಬಡಾವಣೆಯಲ್ಲಿ ಮಾತ್ರ ಮನೆ ಸಿಗುತ್ತಿತ್ತು. 2016ರ ನಿಯಮದಲ್ಲಿ ಶಿಕಾಗೊ ಸೇರಿ 24 ಮಹಾನಗರ ಪ್ರದೇಶಗಳಿಗೆ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಲೆಕ್ಕದಲ್ಲಿ ಮಿತಿ ಇಡಬೇಕು ಅಂತ ಮಾಡಿದರು. ಒಳ್ಳೆ ಶಾಲೆ ಇರುವ ಕಡೆ ಬಾಡಿಗೆ ಜಾಸ್ತಿ, ಮಿತಿಯೂ ಜಾಸ್ತಿ. ಇವಳಿಗೆ ಕೊನೆಗೆ ಮನೆ ಸಿಕ್ಕಿದ್ದು ಅದರಿಂದಲೇ. ಬಾಡಿಗೆ 1,900, ಅವಳು 700 ಕಟ್ಟುತ್ತಾಳೆ, ಕಚೇರಿ 1,200.

ಮನೆ ಮಾಲಕಿ 70 ದಾಟಿದ ಪೋಲಿಷ್ ಅಜ್ಜಿ. ಮೊದಲು ಹಿಂಜರಿದರು. ನಾಲ್ಕು ಪ್ರಶ್ನೆ ಕೇಳಿದರು, ನಾವು ಗೊತ್ತಿದ್ದಷ್ಟು ಹೇಳಿದೆವು. ಆಮೇಲೆ ಗೆಳತಿಯ ಕೈ ಹಿಡಿದು ನೋಡಿ, "ಆಸ್ಪತ್ರೆ ಕೆಲಸದ ಕೈ" ಅಂದರು. ಸ್ಯಾನಿಟೈಸರ್ ಹಾಕಿ ಹಾಕಿ ಒಡೆದ ಕೈ ಅದು. ನಾನು ಆ ಅಜ್ಜಿಯನ್ನು ಇವತ್ತಿಗೂ ನೆನೆಯುತ್ತೇನೆ.

ಸೇರುವ ಮೊದಲು ಇನ್ಸ್‌ಪೆಕ್ಷನ್ ಆಗಬೇಕು. ಬಂದವರು ಪ್ರತಿ ಕಿಟಕಿ ಎತ್ತಿ ಇಳಿಸಿ ನೋಡಿದರು, ಸ್ಟೋವ್‌ನ ನಾಲ್ಕೂ ಬರ್ನರ್ ಹಚ್ಚಿದರು, ಹೊಗೆ ಅಲಾರಂ ಒತ್ತಿ ಕೂಗಿಸಿದರು. ಮಲಗುವ ಕೋಣೆಯ ಒಂದು ಕಿಟಕಿಗೆ ಚಿಲಕ ಕೂರುತ್ತಿರಲಿಲ್ಲ, ಫೇಲ್ ಮಾಡಿದರು. 6 ಡಾಲರಿನ ಚಿಲಕ. ಅಜ್ಜಿಯ ಮಗ ಅದೇ ಸಂಜೆ ಹಾಕಿದ. ಆದರೆ ಮತ್ತೆ ಬಂದು ನೋಡಲು ಕಚೇರಿಯವರು 19 ದಿನ ತೆಗೆದುಕೊಂಡರು. 19 ದಿನ ಮನೆ ಖಾಲಿ, ಅಜ್ಜಿಗೆ ಬಾಡಿಗೆ ಇಲ್ಲ. ಇನ್ಸ್‌ಪೆಕ್ಷನ್ ಬೇಡ ಅಂತ ನಾನು ಹೇಳುವುದಿಲ್ಲ. ಬಾಡಿಗೆಯವರ ಪರವಾಗಿ ಯಾರಾದರೂ ಕಿಟಕಿ ಎಳೆದು ನೋಡುವುದು ದೊಡ್ಡ ವಿಷಯ, ಹಳೇ ಮನೆಯಲ್ಲಿ ಅವಳು ಎರಡು ಚಳಿಗಾಲ ಒಡೆದ ಗಾಜಿಗೆ ಟೇಪ್ ಅಂಟಿಸಿಕೊಂಡು ಇದ್ದಳು. ಬೇಗ ಬನ್ನಿ ಅಷ್ಟೇ. ಮಾಲೀಕರು ವೌಚರ್ ಬೇಡ ಅನ್ನಲು ಕೊಡುವ ಕಾರಣಗಳಲ್ಲಿ ನಿಜವಾದದ್ದು ಇದೊಂದು. ಡೆಪಾಸಿಟ್ ದುಡ್ಡು ಕೂಡ ಸಾಮಾನ್ಯವಾಗಿ ವೌಚರ್‌ನಲ್ಲಿ ಬರುವುದಿಲ್ಲ, ವಾರ್ಡಿನವರೆಲ್ಲ ಸೇರಿ ಹೊಂದಿಸಿಕೊಟ್ಟೆವು.

ಸೇರಿದ ಮೇಲೆ? ಅಜ್ಜಿಗೆ ಕಚೇರಿಯ ಮೊದಲ ದುಡ್ಡು ಬರಲು ಒಂದೂವರೆ ತಿಂಗಳು ಹಿಡಿಯಿತು, ಬಾಕಿ ಸೇರಿಸಿ ಒಟ್ಟಿಗೆ ಬಂತು. ಅಲ್ಲಿಂದ ಒಂದು ತಿಂಗಳೂ ತಪ್ಪಿಲ್ಲ. ನಡುವೆ ಆಸ್ಪತ್ರೆಯಲ್ಲಿ ಅವಳ ಗಂಟೆ ಕಡಿಮೆ ಮಾಡಿದರು, ಸಂಬಳ ಇಳಿಯಿತು. ಕಚೇರಿಗೆ ತಿಳಿಸಿದಳು, ಅವಳ ಪಾಲು ಇಳಿಯಿತು, ಅವರ ಪಾಲು ಏರಿತು. ಅಜ್ಜಿಗೆ ಬರುವ 1,900ರಲ್ಲಿ ಒಂದು ಡಾಲರ್ ವ್ಯತ್ಯಾಸ ಆಗಲಿಲ್ಲ. ಬೇರೆ ಯಾವ ಬಾಡಿಗೆದಾರರ ಬಗ್ಗೆಯಾದರೂ ಹೀಗೆ ಧೈರ್ಯವಾಗಿ ಹೇಳೋಕಾಗುತ್ತಾ? 5ಕ್ಕೆ 5 ಕೊಟ್ಟಿದ್ದು ಇದಕ್ಕೆ.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಎರಡನೇ ಮನೆ ತೆಗೆದು ಬಾಡಿಗೆಗೆ ಬಿಟ್ಟಿದ್ದಾರೆ. ನಾವು ಹುಡುಕುತ್ತಿದ್ದಾಗ ನನಗೆ ಪರಿಚಯದ ಒಬ್ಬರ ಮನೆ ಖಾಲಿ ಇತ್ತು. ತುಂಬಾ ಒಳ್ಳೆಯವರು, ಕಷ್ಟ ಅಂದರೆ ಓಡಿ ಬರುವವರು. ಫೋನ್ ಮಾಡಿದೆ. "ಸೆಕ್ಷನ್ 8 ಜನ ಬೇಡಮ್ಮ, ಮನೆ ಹಾಳು ಮಾಡ್ತಾರೆ, ಅಕ್ಕಪಕ್ಕದವರೂ ಗೊಣಗ್ತಾರೆ" ಅಂದರು. ನೀವು ಯಾರಿಗಾದರೂ ಕೊಟ್ಟು ನೋಡಿದ್ದೀರಾ ಅಂತ ಕೇಳಿದೆ. ಇಲ್ಲ, ಎಲ್ಲರೂ ಹೇಳ್ತಾರೆ ಅಂದರು. ಆ ದಿನ ನನಗೆ ಬಂದ ನೋವು ಆ ಟಿವಿ ಹಚ್ಚಿಕೊಂಡಿದ್ದ ಮಾಲೀಕ ಕೊಟ್ಟದ್ದಕ್ಕಿಂತ ಜಾಸ್ತಿ. ನಾವು ಈ ದೇಶಕ್ಕೆ ಬಂದು ಇಲ್ಲಿಯವರ ಹಳೇ ಭಯವನ್ನು ಸುಮ್ನೆ ನಮ್ಮದು ಮಾಡಿಕೊಂಡಿದ್ದೇವೆ. ನಮಗೆ ಇಲ್ಲಿ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು, ಅದು ಬಂದದ್ದು ಕಪ್ಪು ಜನ ರಸ್ತೆಗಿಳಿದು ಹೋರಾಡಿದ ಅದೇ ವರ್ಷಗಳಲ್ಲಿ. ಅವರಿಗೆ ಮನೆ ಕೊಡುವಾಗ ಮಾತ್ರ ನಾವು ಬಾಗಿಲು ಹಾಕಿಕೊಂಡರೆ ಹೇಗೆ?

ಬಾಡಿಗೆಗೆ ಮನೆ ಇರುವವರು ತಿಳಿದುಕೊಳ್ಳಬೇಕಾದದ್ದು ಇಷ್ಟು. ಬಾಡಿಗೆದಾರರ ಹಿನ್ನೆಲೆ, ಹಿಂದಿನ ಮಾಲೀಕರ ಮಾತು, ಇವನ್ನೆಲ್ಲ ಬೇರೆಯವರಿಗೆ ನೋಡುವ ಹಾಗೆಯೇ ನೋಡಬಹುದು. ಕರಾರು ನಿಮ್ಮ ಮತ್ತು ಅವರ ನಡುವೆಯೇ. ವೌಚರ್ ಇದೆ ಅನ್ನುವ ಕಾರಣಕ್ಕೇ ಬೇಡ ಅನ್ನಬೇಡಿ, ಇಲಿನಾಯ್‌ನಲ್ಲಂತೂ ಕಾನೂನೇ ಬಿಡುವುದಿಲ್ಲ. ಕಿಟಕಿ, ಚಿಲಕ, ಅಲಾರಂ ಮೊದಲೇ ನೀವೇ ನೋಡಿಕೊಂಡರೆ ಇನ್ಸ್‌ಪೆಕ್ಷನ್ ಒಂದೇ ಸಲಕ್ಕೆ ಮುಗಿಯುತ್ತದೆ. ಮೊದಲ ಎರಡು ತಿಂಗಳು ತಾಳ್ಮೆ ಬೇಕು.

ವೌಚರ್ ಹಿಡಿದು ಮನೆ ಹುಡುಕುತ್ತಿರುವವರಿಗೆ ಗೆಳತಿ ಹೇಳಿದ್ದು: ಸಿಕ್ಕ ದಿನವೇ ಗಡುವು ಮುಂದೂಡಲು ಯಾವ ಕಾಗದ ಬೇಕು ಅಂತ ಕೇಳಿ, ಕೊನೆಯ ವಾರಕ್ಕೆ ಬಿಡಬೇಡಿ. ಫೋನ್ ಮಾಡಿದ ದಿನ, ಸಮಯ, ಆ ಕಡೆಯವರು ಹೇಳಿದ್ದು, ಎಲ್ಲ ಬರೆದಿಡಿ. ನಿರಾಕರಿಸಿದ್ದಕ್ಕೆ ದೂರು ಕೊಡುವಾಗ ಅದೇ ಸಾಕ್ಷಿ. ಗಡುವು ಮುಂದೂಡಿ ಅಂತ ಕೇಳುವಾಗಲೂ ಅವಳ ನೋಟ್‌ಬುಕ್ ತೋರಿಸಿಯೇ ಒಪ್ಪಿಸಿದ್ದು.

ಯೋಜನೆ ಮಾಡುವವರಿಗೆ ನನ್ನ ದೂರು ದುಡ್ಡಿನ ಬಗ್ಗೆಯೂ ಇದೆ, ದಾರಿಯ ಬಗ್ಗೆಯೂ ಇದೆ. ಮನೆ ಸಾಲದ ಬಡ್ಡಿ ಕಟ್ಟುವವರು ತೆರಿಗೆಯಲ್ಲಿ ಕಳೆಯಲು ಲಾಟರಿ ಎತ್ತಬೇಕಾಗಿಲ್ಲ, ನನಗೂ ಆ ಅನುಕೂಲ ಸಿಕ್ಕಿದೆ, ವೇಟಿಂಗ್ ಲಿಸ್ಟ್ ಇರಲಿಲ್ಲ. ಬಾಡಿಗೆಯವರಿಗೆ ಮಾತ್ರ 4ರಲ್ಲಿ 1. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸರ್ವೆಯಲ್ಲಿ ನಡುಮಧ್ಯದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಗೆಳತಿಯ ಅಜ್ಜ ಕಳೆದುಕೊಂಡ ಮನೆಯಂಥವು ಎಷ್ಟು ಸೇರಿ ಈ ವ್ಯತ್ಯಾಸ ಆಗಿದೆಯೋ.

ದಾರಿ ಸರಿ ಮಾಡಬಹುದು ಅನ್ನುವುದಕ್ಕೆ ಪುರಾವೆ ಇದೆ. ಸಿಯಾಟಲ್ ಕಡೆ ವೌಚರ್ ಕೊಟ್ಟವರಿಗೆ ಜೊತೆಗೊಬ್ಬರು ಸಹಾಯಕರನ್ನು ಕೊಟ್ಟು, ಮಾಲೀಕರ ಜೊತೆ ಮಾತಾಡಿಸಿ, ಡೆಪಾಸಿಟ್ಟಿಗೂ ಸ್ವಲ್ಪ ನೆರವಾದರು. ಮಕ್ಕಳಿಗೆ ಒಳ್ಳೆ ಅವಕಾಶ ಇರುವ ಬಡಾವಣೆಗೆ ಹೋದವರು ಶೇ. 15ರಿಂದ ಶೇ. 53ಕ್ಕೆ ಏರಿದರು. ಅದೇ ಬಡವರು, ಅದೇ ವೌಚರ್, ಜೊತೆಗೆ ಒಬ್ಬರು ಇದ್ದರು ಅಷ್ಟೇ. 1994ರಲ್ಲಿ ಶಿಕಾಗೊ ಸೇರಿ 5 ನಗರಗಳಲ್ಲಿ ಶುರುವಾದ ಮೂವಿಂಗ್ ಟು ಆಪರ್ಚುನಿಟಿ ಪ್ರಯೋಗದ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದರು. 13 ವರ್ಷಕ್ಕಿಂತ ಮೊದಲು ಬಡತನ ಕಡಿಮೆ ಇರುವ ಬಡಾವಣೆಗೆ ಹೋದ ಮಕ್ಕಳ ಸಂಪಾದನೆ, ಹೋಗದವರಿಗಿಂತ ಶೇ. 31 ಜಾಸ್ತಿ ಇತ್ತು. ದೊಡ್ಡವಳಿಗೆ ಈಗ 12. ಇನ್ನೊಂದು ವರ್ಷ ಲಿಸ್ಟ್‌ನಲ್ಲಿ ಕಾಯಬೇಕಾಗಿದ್ದಿದ್ದರೆ, ಇನ್ನೊಂದಷ್ಟು ಮಾಲೀಕರು ಇಲ್ಲ ಅಂದಿದ್ದರೆ, ಅಂತ ಲೆಕ್ಕ ಹಾಕಿದರೆ ನನಗೆ ಹೊಟ್ಟೆ ತೊಳಸುತ್ತದೆ.

ಕಳೆದ ವಾರ ವರ್ಷಕ್ಕೊಮ್ಮೆ ಬರುವ ಪರಿಶೀಲನೆಯ ಕವರ್ ಬಂತು. ಸಂಬಳದ ಚೀಟಿ, ಬ್ಯಾಂಕ್ ಕಾಗದ, ಮಕ್ಕಳ ಶಾಲೆಯ ಪತ್ರ, ಎಲ್ಲ ಮತ್ತೆ ಕೊಡಬೇಕು, ತಾರೀಖು ತಪ್ಪಿದರೆ ನೆರವು ನಿಲ್ಲಬಹುದು. ಶನಿವಾರ ಇಬ್ಬರಿಗೂ ಡ್ಯೂಟಿ ಇಲ್ಲ. ಅವಳ ಮನೆಯಲ್ಲಿ, ಆ ಹೊಸ ಚಿಲಕದ ಕಿಟಕಿ ಹತ್ತಿರ ಟೇಬಲ್ ಹಾಕಿಕೊಂಡು ತುಂಬುತ್ತೇವೆ. ಸೋಮವಾರ ನಾನೇ ಹೋಗಿ ಕೊಟ್ಟು ಸೀಲ್ ಹಾಕಿಸಿಕೊಂಡು ಬರುತ್ತೇನೆ.